ಕಾರಿನ ಮೈಗೆ ಯಾವ ಪೇಂಟ್?

ಕಾರಿನ ಬಣ್ಣವೆಂದರೆ ಒಂದೇ ಪದರವಲ್ಲ. ಇವತ್ತು ಕಾರ್ಖಾನೆಯಿಂದ ಹೊರಬರುವ ಕಾರಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳಿರುತ್ತವೆ. ನಾಲ್ಕೂ ಸೇರಿದರೂ ಅವುಗಳ ದಪ್ಪ 100ರಿಂದ 150 ಮೈಕ್ರಾನ್. ಒಂದು ಮಿಲಿಮೀಟರಿನ ಆರನೇ ಒಂದು ಭಾಗವೂ ಇಲ್ಲ. ಬಿಸಿಲು, ಮಳೆ, ಕಲ್ಲಿನ ಚೂರು, ಹಕ್ಕಿಯ ಹಿಕ್ಕೆ, ಪೆಟ್ರೋಲ್ ಹನಿ ಎಲ್ಲವನ್ನೂ ಹತ್ತು ಹದಿನೈದು ವರ್ಷ ತಡೆದುಕೊಳ್ಳಬೇಕಾದುದು ಇಷ್ಟು ತೆಳ್ಳನೆಯ ಪೊರೆಯೇ.

ಕಾರ್ಖಾನೆಯಲ್ಲಿ ಮೊದಲು ಬಾಡಿಯನ್ನು ತೊಳೆದು ಸತುವಿನ ಫಾಸ್ಫೇಟ್ ದ್ರಾವಣದಿಂದ ಹದ ಮಾಡುತ್ತಾರೆ. ಆಮೇಲೆ ಅದನ್ನು ಇಡಿಯಾಗಿ ಪ್ರೈಮರ್ ತುಂಬಿದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುತ್ತಾರೆ. ಕೈಯಾಗಲಿ ಸ್ಪ್ರೇ ಗನ್ನಾಗಲಿ ತಲುಪದ ಸಂದುಗೊಂದಿಗಳಿಗೂ ಪ್ರೈಮರ್ ಹೋಗಿ ಅಂಟಿಕೊಳ್ಳುವುದು ಆ ವಿದ್ಯುತ್ತಿನಿಂದ. ತುಕ್ಕನ್ನು ತಡೆಯುವ ನಿಜವಾದ ಕಾವಲುಗಾರ ಈ ಪದರವೇ, ಸುಮಾರು 20 ಮೈಕ್ರಾನ್ ದಪ್ಪದ್ದು. ಅದರ ಮೇಲೆ ಮೈಯನ್ನು ಸಮ ಮಾಡುವ ಇನ್ನೊಂದು ಪ್ರೈಮರ್, ಅದರ ಮೇಲೆ ಬಣ್ಣದ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ತೊಟ್ಟಿಯ ಪ್ರೈಮರನ್ನು 170 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೂ ಮೇಲಿನ ಪದರಗಳನ್ನು ಸುಮಾರು 140 ಡಿಗ್ರಿಯಲ್ಲಿಯೂ ಬೇಯಿಸಿ ಗಟ್ಟಿಮಾಡುತ್ತಾರೆ.

ಗ್ಯಾರೇಜಿನಲ್ಲಿ ಇದನ್ನು ಹೀಗೆಯೇ ಮತ್ತೆ ಮಾಡಲು ಬರುವುದಿಲ್ಲ. ರಿಪೇರಿಗೆ ಬಂದ ಕಾರಿನಲ್ಲಿ ಟೈರು, ಸೀಟು, ವೈರಿಂಗ್, ಪ್ಲಾಸ್ಟಿಕ್ ಭಾಗಗಳು, ಟ್ಯಾಂಕಿನಲ್ಲಿ ಇಂಧನ ಎಲ್ಲವೂ ಇರುತ್ತವೆ. 140 ಡಿಗ್ರಿಯ ಒಲೆಗೆ ಅದನ್ನು ತಳ್ಳುವಂತಿಲ್ಲ. ಒಳ್ಳೆಯ ಪೇಂಟ್ ಬೂತಿನಲ್ಲೂ ಕಾಯಿಸುವುದು 60 ಡಿಗ್ರಿಯ ಸುತ್ತಮುತ್ತ ಮಾತ್ರ. ಆದ್ದರಿಂದ ರಿಪೇರಿಗೆ ಬಳಸುವ ಪೇಂಟಿನ ರಾಸಾಯನಿಕ ಕಟ್ಟೇ ಬೇರೆ. 'ಕಂಪನಿ ಪೇಂಟನ್ನೇ ಹಾಕಿಕೊಡ್ತೀವಿ' ಎಂಬ ಮಾತಿನ ಅರ್ಥ ಶೇಡ್ ಕಂಪನಿಯದು ಎಂದಷ್ಟೆ. ಆ ಶೇಡನ್ನು ಯಾವ ಜಾತಿಯ ಪೇಂಟಿನಲ್ಲಿ ಹಾಕುತ್ತಾರೆ ಎಂಬುದು ಬೇರೆಯೇ ಪ್ರಶ್ನೆ. ಹಣ ಕೊಡುವವರು ಕೇಳಬೇಕಾದ ಪ್ರಶ್ನೆ ಅದು, ಹೆಚ್ಚಿನವರು ಕೇಳದೆ ಬಿಡುವ ಪ್ರಶ್ನೆಯೂ ಅದೇ.

ಪೇಂಟಿನ ಜಾತಿ ತಿಳಿಯಬೇಕಾದರೆ ಅದು ಹೇಗೆ ಒಣಗುತ್ತದೆ ಎಂದು ನೋಡಬೇಕು. ಕೆಲವು ಪೇಂಟುಗಳಲ್ಲಿ ಥಿನ್ನರ್ ಆರಿಹೋದರೆ ಕೆಲಸ ಮುಗಿಯಿತು. ಉಳಿದ ಅಂಟು ಪದಾರ್ಥವೇ ಪೊರೆಯಾಗುತ್ತದೆ. ಕೆಲವು ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ನಿಧಾನವಾಗಿ ಗಟ್ಟಿಯಾಗುತ್ತವೆ. ಮೂರನೆಯವು ಹಾರ್ಡನರ್ ಬೆರೆಸಿದಾಗ ನಡೆಯುವ ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾಗುತ್ತವೆ. ಮೊದಲ ಎರಡು ಬಗೆಗೆ ಪೇಂಟರುಗಳ ಭಾಷೆಯಲ್ಲಿ 1ಕೆ, ಮೂರನೆಯದಕ್ಕೆ 2ಕೆ. ಆಯ್ಕೆಯ ಮುಕ್ಕಾಲು ಪಾಲು ಇಲ್ಲಿಯೇ ತೀರ್ಮಾನವಾಗುತ್ತದೆ.

ಥಿನ್ನರ್ ಆರಿ ಒಣಗುವ ಪೇಂಟುಗಳಲ್ಲಿ ಹಳೆಯದು ನೈಟ್ರೋಸೆಲ್ಯುಲೋಸ್ ಲ್ಯಾಕರ್, ಗ್ಯಾರೇಜಿನಲ್ಲಿ ಎನ್‌ಸಿ ಪೇಂಟ್. ಅದು ಬರುವ ಮೊದಲು ಕಾರುಗಳಿಗೆ ಎಣ್ಣೆ ಮತ್ತು ವಾರ್ನಿಷ್ ಬೆರೆತ ಬಣ್ಣವನ್ನು ಬ್ರಷ್ಷಿನಿಂದ ಬಳಿಯುತ್ತಿದ್ದರು. ಪದರ ಒಣಗಿಸಿ ಉಜ್ಜಿ ಮತ್ತೆ ಬಳಿಯುವ ಈ ಕೆಲಸಕ್ಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಫೋರ್ಡ್ ಕಂಪನಿ 1914ರಿಂದ 1925ರವರೆಗೆ ತನ್ನ ಮಾಡೆಲ್ ಟಿ ಕಾರನ್ನು ಕಪ್ಪು ಬಣ್ಣದಲ್ಲಿ ಮಾತ್ರ ಮಾರುತ್ತಿದ್ದ ಕಾಲದಲ್ಲಿ, ಕಾರು ಜೋಡಿಸುವುದು ಬೇಗ, ಬಣ್ಣ ಒಣಗುವುದೇ ತಡ ಎಂಬ ಸ್ಥಿತಿಯಿತ್ತು. 1920ರ ದಶಕದ ಮೊದಲ ಭಾಗದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ 'ಡ್ಯೂಕೋ' ಲ್ಯಾಕರ್ ಬಂತು. ಜನರಲ್ ಮೋಟರ್ಸ್ ಅದನ್ನು ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ನೀಲಿ ಬಣ್ಣದಲ್ಲಿ ಸ್ಪ್ರೇ ಮಾಡಿತು. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. ಆ ಹೆಸರು ನಮ್ಮ ಹಳೆಯ ಗ್ಯಾರೇಜುಗಳವರೆಗೂ ಬಂದು ನೆಲೆಸಿದೆ. ಹಿರಿಯ ಪೇಂಟರುಗಳು ಕಾರಿನ ಸ್ಪ್ರೇ ಪೇಂಟಿಗೆ ಇಂದಿಗೂ ಡ್ಯೂಕೋ ಎನ್ನುವುದುಂಟು.

ಎನ್‌ಸಿ ಪೇಂಟಿನ ಗುಣವೂ ದೋಷವೂ ಒಂದೇ ಬೇರಿನವು. ನಿಮಿಷಗಳಲ್ಲಿ ಒಣಗುವುದರಿಂದ ಧೂಳು ಕೂರಲು ಸಮಯವಿರುವುದಿಲ್ಲ. ಬೂತ್ ಇಲ್ಲದ ಶೆಡ್ಡಿನಲ್ಲೂ ಹೊಡೆಯಬಹುದು. ತಪ್ಪಾದರೆ ಉಜ್ಜಿ ಸರಿಮಾಡಬಹುದು. ಆದರೆ ಒಣಗಿದ ಮೇಲೂ ಅದು ಥಿನ್ನರಿಗೆ ಕರಗುತ್ತದೆ, ಪೆಟ್ರೋಲಿಗೆ ಮೆತ್ತಗಾಗುತ್ತದೆ. ಡಬ್ಬಿಯಲ್ಲಿರುವುದರ ಬಹುಪಾಲು ಥಿನ್ನರ್ ಆಗಿ ಹಾರಿಹೋಗುವ ಕಾರಣ ತೆಳ್ಳನೆಯ ಕೋಟುಗಳನ್ನು ಮತ್ತೆ ಮತ್ತೆ ಹಾಕಬೇಕು, ಹೊಳಪು ಬರಲು ಕೊನೆಗೆ ರಬ್ಬಿಂಗ್ ಮತ್ತು ಪಾಲಿಶ್ ಮಾಡಲೇಬೇಕು. ಬಿಸಿಲಿಗೆ ಆ ಹೊಳಪು ಬೇಗ ಮಂಕಾಗುತ್ತದೆ. ಹಳೆಯ ವಿಂಟೇಜ್ ಕಾರನ್ನು ಅದು ಹುಟ್ಟಿದ ಕಾಲದ ರೂಪದಲ್ಲೇ ಉಳಿಸಬೇಕೆನ್ನುವವರಿಗೆ ಎನ್‌ಸಿ ಸರಿಯಾದ ಆಯ್ಕೆ. ದಿನನಿತ್ಯ ಬೀದಿಯಲ್ಲಿ ನಿಲ್ಲುವ ಕಾರಿಗೆ ಅಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಅಕ್ರಿಲಿಕ್ ಲ್ಯಾಕರ್ ಹೊಳಪಿನ ವಿಷಯದಲ್ಲಿ ಇದಕ್ಕಿಂತ ಮೇಲು, ಥಿನ್ನರಿಗೆ ಕರಗುವ ವಿಷಯದಲ್ಲಿ ಇದರಂತೆಯೇ.

ಗಾಳಿಯಿಂದ ಗಟ್ಟಿಯಾಗುವ ಬಗೆಯೆಂದರೆ ಸಿಂಥೆಟಿಕ್ ಎನಾಮೆಲ್. ಮನೆಯ ಗೇಟಿಗೂ ಕಿಟಕಿಯ ಸರಳಿಗೂ ಬಳಿಯುವ ಪೇಂಟಿನ ಕುಲದ್ದೇ ಇದು. ಬೆಲೆ ಕಡಿಮೆ, ಒಂದೆರಡು ಕೋಟಿಗೇ ತಗಡು ಮುಚ್ಚುತ್ತದೆ, ಪಾಲಿಶ್ ಮಾಡದೆಯೇ ಹೊಳೆಯುತ್ತದೆ. ಲಾರಿಯ ಬಾಡಿ, ಟ್ರಾಲಿ, ಚಾಸಿಗಳಿಗೆ ಇದು ಸಾಕು. ಕಾರಿನ ಹೊರಮೈಗೆ ಒಗ್ಗುವುದಿಲ್ಲ. ಮುಟ್ಟಿದರೆ ಅಂಟದಷ್ಟು ಒಣಗಲೇ ಗಂಟೆಗಳು ಬೇಕು. ಅಷ್ಟರಲ್ಲಿ ಧೂಳು, ಸಣ್ಣ ಹುಳು ಕೂತು ಮೈ ಒರಟಾಗುತ್ತದೆ. ಬಿಸಿಲಿಗೆ ಹೊಳಪು ಕಳೆದುಕೊಂಡು ಪುಡಿ ಬಿಡುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಮುಂದಿನ ಸಲದ್ದು: ಎನಾಮೆಲ್ ಮೇಲೆ ಖಾರವಾದ ಥಿನ್ನರ್ ಇರುವ ಪೇಂಟ್ ಹೊಡೆದರೆ ಕೆಳಗಿನ ಪದರ ಉಬ್ಬಿ ಸುಕ್ಕುಗಟ್ಟಿ ಏಳುತ್ತದೆ. ಅಗ್ಗವೆಂದು ಒಮ್ಮೆ ಎನಾಮೆಲ್ ಹೊಡೆಸಿದ ಕಾರಿಗೆ ಮುಂದೆ ಒಳ್ಳೆಯ ಪೇಂಟ್ ಹಾಕಬೇಕೆಂದರೆ ಅದನ್ನು ತಗಡಿನವರೆಗೂ ಕೆರೆದು ತೆಗೆಯಬೇಕಾಗಿ ಬರುತ್ತದೆ.

ಮೂರನೆಯ ಬಗೆ 2ಕೆ ಪಾಲಿಯುರಿಥೇನ್. ಬಿಲ್ಲುಗಳಲ್ಲಿ ಪಿಯು ಪೇಂಟ್. ಒಂದು ಡಬ್ಬಿಯಲ್ಲಿ ಅಕ್ರಿಲಿಕ್ ರಾಳ, ಇನ್ನೊಂದರಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುವ ಹಾರ್ಡನರ್. ಎರಡೂ ಬೆರೆತ ಕ್ಷಣದಿಂದ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳತೊಡಗುತ್ತವೆ. ಒಮ್ಮೆ ಹೆಣೆದುಕೊಂಡ ಪೊರೆ ಮತ್ತೆ ಥಿನ್ನರಿಗೆ ಕರಗುವುದಿಲ್ಲ, ಪೆಟ್ರೋಲ್ ಬಿದ್ದರೆ ಒರೆಸಿದರಾಯಿತು. ಬೆರೆಸಿದ ಪೇಂಟನ್ನು ಕೆಲವು ಗಂಟೆಗಳೊಳಗೆ ಹೊಡೆದು ಮುಗಿಸಬೇಕು, ಉಳಿದರೆ ಡಬ್ಬಿಯಲ್ಲೇ ಗಟ್ಟಿ. ಬೂತಿನಲ್ಲಿ 60 ಡಿಗ್ರಿಗೆ ಅರ್ಧ ಗಂಟೆ ಕಾಯಿಸಿದರೆ ಕಾರನ್ನು ಮುಟ್ಟಿ ಕೆಲಸ ಮಾಡುವಷ್ಟು ಗಟ್ಟಿಯಾಗುತ್ತದೆ. ಬರೀ ಗಾಳಿಗೆ ಬಿಟ್ಟರೆ ರಾತ್ರಿ ಕಳೆಯಬೇಕು. ಪೂರ್ತಿ ಬಲಿಯಲು ಎರಡೂ ಸಂದರ್ಭದಲ್ಲಿ ಇನ್ನಷ್ಟು ದಿನ ಬೇಕು. ಹೊಸ ಪೇಂಟಿನ ಮೇಲೆ ಕೆಲವು ವಾರ ವ್ಯಾಕ್ಸ್ ಹಚ್ಚಬಾರದು ಎನ್ನುವುದು ಒಳಗೆ ಉಳಿದ ಥಿನ್ನರ್ ಹೊರಬರಲಿ ಎಂದು.

ಹಾರ್ಡನರನ್ನು ಎಷ್ಟು ಬೆರೆಸಬೇಕು ಎಂಬುದು ಡಬ್ಬಿಯ ಮೇಲೆಯೇ ಇರುತ್ತದೆ. ಎರಡು ಪಾಲಿಗೆ ಒಂದು, ನಾಲ್ಕು ಪಾಲಿಗೆ ಒಂದು, ಹೀಗೆ ಪ್ರತಿ ತಯಾರಿಕೆಗೂ ಅದರದೇ ಅಳತೆ. ಬೇಗ ಒಣಗಲೆಂದು ಹೆಚ್ಚು ಸುರಿದರೆ ಪೊರೆ ಪೆಡಸಾಗುತ್ತದೆ. ಉಳಿತಾಯಕ್ಕೆಂದು ಕಡಿಮೆ ಹಾಕಿದರೆ ಎಂದೂ ಸರಿಯಾಗಿ ಬಲಿಯದೆ ಮೆತ್ತಗೇ ಉಳಿಯುತ್ತದೆ. ಕಣ್ಣಳತೆಯಲ್ಲಿ ಬೆರೆಸುವ ಪೇಂಟರ್ ಎಷ್ಟೇ ಅನುಭವಿಯಾದರೂ ಈ ವಿಷಯದಲ್ಲಿ ನಂಬಿಕೆಗೆ ಅರ್ಹನಲ್ಲ. ಅಳತೆಯ ಕಪ್ಪು ಅಥವಾ ತಕ್ಕಡಿ ಇರುವ ಗ್ಯಾರೇಜೇ ಲೇಸು.

2ಕೆ ಪೇಂಟನ್ನು ಎರಡು ರೀತಿ ಬಳಸಬಹುದು. ಬಣ್ಣ ಮತ್ತು ಹೊಳಪು ಎರಡೂ ಒಂದೇ ಪದರದಲ್ಲಿ ಬರುವುದು ಸಿಂಗಲ್ ಸ್ಟೇಜ್. ಬಣ್ಣಕ್ಕೊಂದು ಬೇಸ್ ಕೋಟ್, ಹೊಳಪು ಮತ್ತು ರಕ್ಷಣೆಗೊಂದು ಕ್ಲಿಯರ್ ಕೋಟ್ ಎಂದು ಬೇರೆ ಮಾಡುವುದು ಎರಡನೆಯದು. ಬಿಳಿ, ಕೆನೆ, ಕಡು ನೀಲಿಯಂಥ ಸಾದಾ ಬಣ್ಣದ ಹಳೆಯ ಕಾರಿಗೆ ಸಿಂಗಲ್ ಸ್ಟೇಜ್ 2ಕೆ ಒಳ್ಳೆಯ, ಮಿತವ್ಯಯದ ಕೆಲಸ. ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯುವುದೂ ಸುಲಭ, ಏಕೆಂದರೆ ಬಣ್ಣ ಆಳದವರೆಗೂ ಇರುತ್ತದೆ. 1980ರ ದಶಕದಿಂದ ಈಚೆಗೆ ಜಗತ್ತಿನ ಕಾರ್ಖಾನೆಗಳು ಹೆಚ್ಚು ಹೆಚ್ಚಾಗಿ ಹಿಡಿದದ್ದು ಬೇಸ್ ಮತ್ತು ಕ್ಲಿಯರ್ ದಾರಿಯನ್ನು. ಬೇಸ್ ಕೋಟ್ ಒಣಗಿದಾಗ ಅದರಲ್ಲಿ ಹೊಳಪೇ ಇರುವುದಿಲ್ಲ; ದಪ್ಪ ಹೆಚ್ಚೆಂದರೆ 15–20 ಮೈಕ್ರಾನ್. ಅದರ ಮೇಲೆ 40–50 ಮೈಕ್ರಾನ್ ಕ್ಲಿಯರ್ ಬಿದ್ದಾಗ ಬಣ್ಣಕ್ಕೆ ಜೀವ ಬರುತ್ತದೆ. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಳ್ಳುವ ಪದಾರ್ಥವಿರುವುದು ಈ ಕ್ಲಿಯರಿನಲ್ಲಿ. ಬಾನೆಟ್ ಮತ್ತು ರೂಫಿನ ಮೇಲೆ ಪೇಂಟ್ ಬಿಳಿ ಹೊಪ್ಪಳೆಗಳಾಗಿ ಏಳುವ ಕಾರುಗಳಲ್ಲಿ ಸೋತದ್ದು ಬಹುತೇಕ ಕ್ಲಿಯರ್. ಹಾಗೆ ಎದ್ದ ಕ್ಲಿಯರನ್ನು ಪಾಲಿಶ್‌ನಿಂದ ಉಳಿಸಲಾಗದು. ಖರ್ಚು ಮಾಡುವುದಿದ್ದರೆ ಒಳ್ಳೆಯ ಕ್ಲಿಯರಿಗೆ ಮಾಡಬೇಕು. ಉಳಿಸಬಹುದಾದ ಜಾಗಗಳಲ್ಲಿ ಅದು ಕೊನೆಯದು.

ಮೆಟಾಲಿಕ್ ಬಣ್ಣಕ್ಕೆ ಕ್ಲಿಯರ್ ಬೇಕೇಬೇಕು. ಬೇಸ್ ಕೋಟಿನೊಳಗೆ ಅಲ್ಯೂಮಿನಿಯಂನ ಸಣ್ಣ ಚಕ್ಕೆಗಳಿರುತ್ತವೆ, ಬೆಳಕು ಅವುಗಳಿಗೆ ತಾಗಿ ಹಿಂದಿರುಗಿದಾಗ ಮಿಂಚು ಕಾಣುತ್ತದೆ. ಪೇಂಟನ್ನು ತೆಳ್ಳಗೆ, ಒಣಒಣವಾಗಿ ಹೊಡೆದರೆ ಚಕ್ಕೆಗಳು ಮೇಲ್ಮೈಗೆ ಸಮನಾಗಿ ಮಲಗುತ್ತವೆ. ಎದುರು ನಿಂತು ನೋಡಿದರೆ ಬಣ್ಣ ತಿಳಿಯಾಗಿ, ಪಕ್ಕದಿಂದ ನೋಡಿದರೆ ಗಾಢವಾಗಿ ಕಾಣುತ್ತದೆ. ಹಸಿಯಾಗಿ ಹೊಡೆದರೆ ಚಕ್ಕೆಗಳು ಮುಳುಗಿ ಅಡ್ಡಾದಿಡ್ಡಿ ನಿಲ್ಲುತ್ತವೆ. ಎದುರಿನಿಂದಲೇ ಬಣ್ಣ ಕಂದುತ್ತದೆ. ಒಂದೇ ಡಬ್ಬಿಯ ಪೇಂಟನ್ನು ಇಬ್ಬರು ಹೊಡೆದರೆ, ಅಥವಾ ಒಬ್ಬನೇ ಗನ್ನಿನ ಒತ್ತಡ ಬದಲಿಸಿ ಹೊಡೆದರೆ, ಎರಡು ಶೇಡು ಬರುವುದು ಹೀಗೆ. ಬೆಳ್ಳಿ ಬಣ್ಣದ ಕಾರಿನ ಒಂದು ಬಾಗಿಲು ಮಾತ್ರ ಎದ್ದು ಕಾಣುವುದಕ್ಕೆ ಬಣ್ಣ ಬೆರೆಸಿದವರನ್ನೇ ಯಾವಾಗಲೂ ದೂರುವಂತಿಲ್ಲ. ಬಲ್ಲ ಪೇಂಟರ್ ಬೇಸ್ ಕೋಟನ್ನು ಆ ಬಾಗಿಲಿಗೇ ನಿಲ್ಲಿಸದೆ ಪಕ್ಕದ ಪ್ಯಾನೆಲ್ಲಿನ ಅಂಚಿನವರೆಗೆ ತೆಳುವಾಗಿಸುತ್ತ ಹೋಗಿ, ಎರಡೂ ಪ್ಯಾನೆಲ್ಲಿಗೆ ಪೂರ್ತಿ ಕ್ಲಿಯರ್ ಹೊಡೆಯುತ್ತಾನೆ. ಬಿಲ್ಲಿನಲ್ಲಿ ಒಂದರ ಬದಲು ಎರಡು ಪ್ಯಾನೆಲ್ ಕಂಡರೆ ಮೋಸವೆಂದು ಬಗೆಯಬೇಕಾಗಿಲ್ಲ.

ಪರ್ಲ್ ಬಣ್ಣಗಳಲ್ಲಿ ಅಲ್ಯೂಮಿನಿಯಂ ಬದಲು ಟೈಟಾನಿಯಂ ಡೈಆಕ್ಸೈಡ್ ಲೇಪಿಸಿದ ಅಭ್ರಕದ ಚಕ್ಕೆಗಳಿರುತ್ತವೆ. ಪರ್ಲ್ ವೈಟ್‌ಗಳಲ್ಲಿ ಹಲವು ಮೂರು ಪದರದವು: ಬಿಳಿ ಬೇಸ್, ಅದರ ಮೇಲೆ ಪಾರದರ್ಶಕ ಪರ್ಲ್, ಆಮೇಲೆ ಕ್ಲಿಯರ್. ನಡುವಿನ ಪದರ ಒಂದು ಕೋಟ್ ಹೆಚ್ಚಾದರೂ ಶೇಡು ಬದಲಾಗುವುದರಿಂದ ಒಂದು ಸಣ್ಣ ಟಚಪ್ ಕೂಡ ದುಬಾರಿ. ಮ್ಯಾಟ್ ಫಿನಿಶ್ ಇನ್ನೂ ಕಷ್ಟದ್ದು. ಅದಕ್ಕೆ ಪಾಲಿಶ್ ಹಾಕುವಂತಿಲ್ಲ, ಹಾಕಿದರೆ ಆ ಜಾಗ ಹೊಳೆಯಲು ಶುರು. ಗೀರು ಬಿದ್ದರೆ ಇಡೀ ಪ್ಯಾನೆಲ್ ಹೊಡೆಯಬೇಕು. ಕಿಕ್ಕಿರಿದ ಪಾರ್ಕಿಂಗಿನಲ್ಲಿ ಬಳಸುವ ಕಾರಿಗೆ ಇವೆರಡೂ ಹೊಂದುವುದಿಲ್ಲ.

ಶೇಡ್ ಹುಡುಕಲು ಆಧಾರ ಕಾರಿನ ಪೇಂಟ್ ಕೋಡ್. ಬಾಗಿಲ ಚೌಕಟ್ಟಿನಲ್ಲೋ ಬಾನೆಟ್ ಕೆಳಗೋ ಇರುವ ಫಲಕದಲ್ಲಿ ಅದು ಸಿಗುತ್ತದೆ. ಆದರೆ ಒಂದೇ ಕೋಡಿನ ಬಣ್ಣ ತಯಾರಿಯ ಬ್ಯಾಚಿಗೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆಯಾಗುತ್ತದೆ, ವರ್ಷಗಟ್ಟಲೆ ಬಿಸಿಲು ತಿಂದ ಕಾರು ಮತ್ತಷ್ಟು ಬದಲಾಗಿರುತ್ತದೆ. ಹಾಗಾಗಿ ಸಣ್ಣ ತಗಡಿನ ತುಂಡಿಗೆ ಬೇಸ್ ಮತ್ತು ಕ್ಲಿಯರ್ ಎರಡನ್ನೂ ಹೊಡೆದು ಒಣಗಿಸಿ, ಕಾರಿನ ಪಕ್ಕ ಹಿಡಿದು ಬಿಸಿಲಿನಲ್ಲಿ ನೋಡಬೇಕು. ಟ್ಯೂಬ್‌ಲೈಟಿನಡಿ ಒಂದೇ ಆಗಿ ಕಂಡ ಎರಡು ಬಣ್ಣ ಹಗಲು ಬೆಳಕಿನಲ್ಲಿ ಬೇರೆಯಾಗಿಬಿಡುವುದುಂಟು.

ಹೊಸ ಪೇಂಟ್ ಯಾವುದೆಂದು ನಿರ್ಧರಿಸುವ ಮೊದಲು ಹಳೆಯದು ಯಾವುದೆಂದು ತಿಳಿದಿರಬೇಕು. ಸೆಕೆಂಡ್ ಹ್ಯಾಂಡ್ ಕಾರಿನಲ್ಲಂತೂ ಇದು ತೀರ ಅಗತ್ಯ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಬಿಳಿ ಬಟ್ಟೆಯನ್ನು ಎನ್‌ಸಿ ಥಿನ್ನರಿನಲ್ಲಿ ಅದ್ದಿ ಸ್ವಲ್ಪ ಹೊತ್ತು ಉಜ್ಜಿದರೆ ಉತ್ತರ ಸಿಗುತ್ತದೆ. ಬಣ್ಣ ಸಲೀಸಾಗಿ ಕರಗಿ ಬಟ್ಟೆಗೆ ಹತ್ತಿದರೆ ಲ್ಯಾಕರ್. ಕರಗದೆ ಸುಕ್ಕುಗಟ್ಟಿ ಎದ್ದರೆ ಎನಾಮೆಲ್, ಇಲ್ಲವೇ ಸರಿಯಾಗಿ ಬಲಿಯದ ಪೇಂಟ್. ಏನೂ ಆಗದಿದ್ದರೆ ಅದು ಕಾರ್ಖಾನೆಯದು ಅಥವಾ ಸರಿಯಾಗಿ ಹಾಕಿದ 2ಕೆ. ಇನ್ನೊಂದು ಪರೀಕ್ಷೆ ರಬ್ಬಿಂಗ್ ಕಾಂಪೌಂಡಿನದು: ಉಜ್ಜಿದ ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಸಿಂಗಲ್ ಸ್ಟೇಜ್, ಹತ್ತದಿದ್ದರೆ ಮೇಲೆ ಕ್ಲಿಯರ್ ಇದೆ. ಲ್ಯಾಕರ್ ಅಥವಾ ಎನಾಮೆಲ್ ಎಂದು ಗೊತ್ತಾದರೆ ಅದನ್ನು ಪೂರ್ತಿ ತೆಗೆಸುವುದೇ ಕ್ಷೇಮ. ಮೆತ್ತನೆಯ ತಳದ ಮೇಲೆ ಎಂಥ ದುಬಾರಿ ಪೇಂಟೂ ನಿಲ್ಲದು.

ಟಿಂಕರಿಂಗ್ ಆದ ಬರಿ ತಗಡಿಗೆ ಎಪಾಕ್ಸಿ ಪ್ರೈಮರ್ ಒಳ್ಳೆಯದು. ನೀರನ್ನು ತಡೆಯುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಆಮ್ಲವಿರುವ ಎಚ್ ಪ್ರೈಮರ್ ಮೇಲೆ ನೇರವಾಗಿ ಪುಟ್ಟಿ ಹಚ್ಚಬಾರದು, ಪುಟ್ಟಿ ಗಟ್ಟಿಯಾಗುವ ಕ್ರಿಯೆಗೆ ಆಮ್ಲ ಅಡ್ಡಿ. ಪುಟ್ಟಿಯ ದಪ್ಪ ಎರಡು ಮೂರು ಮಿಲಿಮೀಟರ್ ಮೀರಿದರೆ ಮುಂದೊಂದು ದಿನ ಬಿರುಕು ಬರುವ ಸಂಭವ ಹೆಚ್ಚು; ತಗ್ಗು ಎತ್ತುವುದು ಸುತ್ತಿಗೆಯ ಕೆಲಸ, ಪುಟ್ಟಿಯದಲ್ಲ. ಬಂಪರ್ ತಗಡಲ್ಲ. ಬಹುಪಾಲು ಬಂಪರುಗಳು ಪಾಲಿಪ್ರೊಪಿಲೀನ್ ಬೆರಕೆಯ ಪ್ಲಾಸ್ಟಿಕ್ಕಿನವು, ಅದಕ್ಕೆ ಸಾಮಾನ್ಯ ಪ್ರೈಮರ್ ಹಿಡಿಯುವುದಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಹಾಕದೆ ಹೊಡೆದ ಪೇಂಟ್ ಮೊದಲ ಸಣ್ಣ ತಗಲಿಕೆಗೇ ಹಾಳೆಯಾಗಿ ಕಿತ್ತುಬರುತ್ತದೆ.

ಹವಾಮಾನವೂ ಆಯ್ಕೆಯೊಳಗೆ ಸೇರಿದೆ. ಥಿನ್ನರುಗಳಲ್ಲಿ ಬೇಗ ಆರುವುದು, ಸಾಧಾರಣ, ನಿಧಾನ ಎಂಬ ಬಗೆಗಳಿವೆ. ಕಲಬುರಗಿಯ ಮೇ ತಿಂಗಳಲ್ಲಿ ಬೇಗ ಆರುವ ಥಿನ್ನರ್ ಹಾಕಿದರೆ ಪೇಂಟ್ ಹರಡಿಕೊಳ್ಳುವ ಮೊದಲೇ ಒಣಗಿ ಮೈ ಕಿತ್ತಳೆ ಸಿಪ್ಪೆಯಂತಾಗುತ್ತದೆ. ಮಂಗಳೂರಿನ ಜುಲೈನಲ್ಲಿ ತೊಂದರೆ ಬೇರೆ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಹನಿಗಟ್ಟುತ್ತದೆ. ಎನ್‌ಸಿ ಪೇಂಟ್ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ನಿಧಾನದ ಥಿನ್ನರ್ ಬಳಸಿ ಇದನ್ನು ತಕ್ಕಮಟ್ಟಿಗೆ ತಡೆಯಬಹುದು. ಆದರೆ 2ಕೆ ಹಾರ್ಡನರ್ ನೀರಿನೊಂದಿಗೂ ಕ್ರಿಯೆ ನಡೆಸಿ ಅನಿಲ ಬಿಡುತ್ತದೆ, ಅದರಿಂದ ಪೊರೆಯಲ್ಲಿ ಸೂಜಿತೂತುಗಳು ಬರಬಹುದು. ಕಂಪ್ರೆಸರಿನ ಗಾಳಿಯಲ್ಲಿ ನೀರಿದ್ದರೂ ಇದೇ ಪಾಡು. ತುರ್ತಿಲ್ಲದಿದ್ದರೆ ಕರಾವಳಿ ಮತ್ತು ಮಲೆನಾಡಿನಲ್ಲಿ ಪೂರ್ತಿ ಪೇಂಟಿಂಗನ್ನು ಮಳೆಗಾಲ ಕಳೆದ ಮೇಲೆ ಇಟ್ಟುಕೊಳ್ಳುವುದು ಉಚಿತ.

ಥಿನ್ನರ್ ಬದಲು ಬಹುಪಾಲು ನೀರನ್ನೇ ಬಳಸುವ ಬೇಸ್ ಕೋಟುಗಳೂ ಇವೆ. ಯುರೋಪಿಯನ್ ಒಕ್ಕೂಟದ 2004ರ ನಿರ್ದೇಶನ 2007ರಿಂದ ವಾಹನ ರಿಪೇರಿಯ ಮೇಲ್ಪದರದ ಪೇಂಟುಗಳಲ್ಲಿ ಆವಿಯಾಗಿ ಹಾರುವ ಸಾವಯವ ದ್ರಾವಕಗಳಿಗೆ ಲೀಟರಿಗೆ 420 ಗ್ರಾಂ ಮಿತಿ ಹಾಕಿದ ಮೇಲೆ ಅಲ್ಲಿ ಇವು ವ್ಯಾಪಕವಾದವು. ಇವು ಆರಲು ಬಿಸಿಗಿಂತ ಗಾಳಿಯ ಓಟ ಮುಖ್ಯ. ಇವುಗಳ ಮೇಲೂ ಕ್ಲಿಯರ್ 2ಕೆ ಜಾತಿಯದೇ. ಒಳ್ಳೆಯ ಬೂತ್ ಇರುವ ಕಡೆ ಇದು ಎಲ್ಲ ರೀತಿಯಿಂದಲೂ ಸ್ವಾಗತಾರ್ಹ.

ಪೇಂಟ್ ಹೊಡೆಯುವವನ ಆರೋಗ್ಯವನ್ನು ಬಿಟ್ಟು ಈ ಆಯ್ಕೆಯನ್ನು ಚರ್ಚಿಸುವುದು ಸರಿಯಲ್ಲ. 2ಕೆ ಹಾರ್ಡನರಿನ ಐಸೊಸಯನೇಟ್ ಕೆಲಸದಿಂದ ಬರುವ ಅಸ್ತಮಾಕ್ಕೆ ಪ್ರಮುಖ ಕಾರಣಗಳಲ್ಲೊಂದು. ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾಯಿತೆಂದರೆ ಅತಿ ಅಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ಆ ಕಸುಬನ್ನೇ ಬಿಡಬೇಕಾದವರಿದ್ದಾರೆ. ಮೂಗಿಗೆ ಕಟ್ಟುವ ಕರ್ಚೀಫು, ಬಟ್ಟೆಯ ಮಾಸ್ಕು ಇದರ ಮುಂದೆ ಯಾವ ಪ್ರಯೋಜನಕ್ಕೂ ಇಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಒದಗಿಸುವ ಮುಖವಾಡ, ಕೈಗವಸು ಮತ್ತು ಗಾಳಿ ಹೊರಗೆಳೆಯುವ ಬೂತ್ ಬೇಕು. ರಸ್ತೆಬದಿಯ ಶೆಡ್ಡಿನಲ್ಲಿ ಬರಿಮುಖದ ಹುಡುಗ 2ಕೆ ಹೊಡೆಯುತ್ತಿದ್ದರೆ ಅಲ್ಲಿನ ಕಡಿಮೆ ದರದ ಬೆಲೆ ತೆರುತ್ತಿರುವವನು ಅವನು.

ಬಣ್ಣವನ್ನೇ ಬದಲಿಸುವವರು ಇನ್ನೆರಡು ಸಂಗತಿ ನೋಡಬೇಕು. ಅಮೆರಿಕದ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು ಕಪ್ಪು ಮತ್ತು ಬೆಳ್ಳಿ ಬಣ್ಣದ ಒಂದೇ ಮಾದರಿಯ ಎರಡು ಕಾರುಗಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಅಳೆದು 2011ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬೆಳ್ಳಿ ಕಾರಿನ ಒಳಗಾಳಿ 5–6 ಡಿಗ್ರಿ ತಂಪಾಗಿತ್ತು. ಬಯಲುಸೀಮೆಯ ಬೇಸಿಗೆಯಲ್ಲಿ ಇದು ಸಣ್ಣ ಅಂತರವಲ್ಲ. ಇನ್ನೊಂದು ಕಾನೂನಿನದು. ಆರ್‌ಸಿಯಲ್ಲಿ ಕಾರಿನ ಬಣ್ಣ ದಾಖಲಾಗಿರುತ್ತದೆ. ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ಅದನ್ನು ತಿದ್ದಿಸಬೇಕು. ಸೈನ್ಯದ ವಾಹನಗಳ ಆಲಿವ್ ಹಸಿರನ್ನು ಖಾಸಗಿ ಕಾರಿಗೆ ಹಾಕಿಸಲು ಕೇಂದ್ರ ಮೋಟಾರು ವಾಹನ ನಿಯಮಗಳು ಬಿಡುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಸಾಮಾನ್ಯ ಕಾರಿನ ಮಾಲೀಕರ ಮುಂದೆ ಉಳಿಯುವ ಆಯ್ಕೆ ಬಹಳವಿಲ್ಲ. ಮೆಟಾಲಿಕ್, ಪರ್ಲ್ ಮತ್ತು ಇತ್ತೀಚಿನ ಎಲ್ಲ ಕಾರುಗಳಿಗೆ ಬೇಸ್ ಕೋಟ್, ಅದರ ಮೇಲೆ 2ಕೆ ಕ್ಲಿಯರ್. ಸಾದಾ ಬಣ್ಣದ ಹಳೆಯ ಕಾರಿಗೆ ಸಿಂಗಲ್ ಸ್ಟೇಜ್ 2ಕೆ. ವಿಂಟೇಜ್ ಕಾರಿಗೆ ಮಾತ್ರ ಲ್ಯಾಕರ್, ಚಾಸಿಗೆ ಮಾತ್ರ ಎನಾಮೆಲ್. ಎಸ್ಟಿಮೇಟಿನಲ್ಲಿ 'ಪೇಂಟಿಂಗ್ ಚಾರ್ಜ್' ಎಂಬ ಒಂದೇ ಸಾಲು ಸಾಲದು. ಪ್ರೈಮರ್, ಬೇಸ್, ಕ್ಲಿಯರ್, ಹಾರ್ಡನರ್ ಯಾವ ತಯಾರಿಕೆಯವು, ಎಷ್ಟು ಕೋಟ್ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಕಡೆ ಕಾರು ಬಿಡಬೇಡಿ.